ಕಸದಿಂದ ರಸ ತೆಗೆಯಲು ಬೇಕಾದ ಲೆಕ್ಕ

‘ಕಸದಿಂದ ರಸ’ ಎಂಬ ಮಾತನ್ನು ನಾವೆಲ್ಲ ಪ್ರೈಮರಿ ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಪ್ರಬಂಧ ಬರೆದಿದ್ದೇವೆ, ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಾಡೆಲ್ ಇಟ್ಟಿದ್ದೇವೆ. ಆದರೆ ಆ ರಸಕ್ಕೆ ಖರ್ಚು ಎಷ್ಟು, ಅದನ್ನು ಕೊಳ್ಳುವವರು ಯಾರು, ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ್ದರಿಂದ ಆ ಪ್ರಶ್ನೆಯನ್ನೇ ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ವಿಷಯ: ಹೊಲದಲ್ಲಿ ಉಳಿಯುವ ಬೆಳೆಯ ತ್ಯಾಜ್ಯವನ್ನು ತೋಟಗಳಿಗೆ, ಕುಂಡಗಳಿಗೆ ಹೊದಿಕೆಯಾಗಿ ಮಾಡಿ ಮಾರುವ ವ್ಯಾಪಾರ.

ನಮ್ಮೂರು ಕಳವಾರ, ಚಿಕ್ಕಬಳ್ಳಾಪುರ ತಾಲೂಕಿನದು. ಮನೆಮಾತು ಉರ್ದು. ಮನೆಯಲ್ಲಿ ಇದಕ್ಕೆಲ್ಲ ‘ಕಚ್ರಾ’ ಎನ್ನುತ್ತೇವೆ, ಹೊರಗೆ ಕನ್ನಡದಲ್ಲಿ ‘ಕಸ’ ಎನ್ನುತ್ತೇವೆ. ಎರಡು ಮಾತಿಗೂ ಅರ್ಥ ಒಂದೇ, ಬೆಲೆ ಇಲ್ಲದ್ದು ಎಂದು. ಆ ಅರ್ಥ ನಿಜವೇ ಎಂಬುದನ್ನು ಮೊದಲು ನೋಡಬೇಕು.

ಹೊದಿಕೆ ಎಂದರೇನು?

ನಮ್ಮ ಕಡೆ ‘ಮಲ್ಚಿಂಗ್’ ಎಂದರೆ ಎಲ್ಲರಿಗೂ ನೆನಪಾಗುವುದು ಟೊಮೆಟೊ, ಕ್ಯಾಪ್ಸಿಕಂ ಸಾಲುಗಳ ಮೇಲೆ ಹಾಸುವ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಶೀಟ್. ಅದೂ ಒಂದು ಬಗೆಯ ಹೊದಿಕೆ. ಆದರೆ ಹುಲ್ಲು, ಒಣಗಿದ ಎಲೆ, ಸಿಪ್ಪೆ, ಕಡ್ಡಿ ಚೂರು ಹರಡಿದರೂ ಅದೇ ಕೆಲಸ ನಡೆಯುತ್ತದೆ. ನೆಲ ಬರಿದಾಗಿದ್ದರೆ ಬಿಸಿಲು ನೇರವಾಗಿ ಬಿದ್ದು ತೇವ ಆರಿಹೋಗುತ್ತದೆ. ಮೇಲೊಂದು ಪದರ ಇದ್ದರೆ ತೇವ ಉಳಿಯುತ್ತದೆ. ಬೆಳಕು ಸಿಗದೆ ಕಳೆ ಕಡಿಮೆ ಹುಟ್ಟುತ್ತದೆ. ಮಳೆ ಹನಿ ಮಣ್ಣಿಗೆ ನೇರ ಹೊಡೆಯುವುದು ತಪ್ಪುತ್ತದೆ. ಪ್ಲಾಸ್ಟಿಕ್ ಶೀಟನ್ನು ಬೆಳೆ ಮುಗಿದ ಮೇಲೆ ಕಿತ್ತು ಎಲ್ಲಾದರೂ ಹಾಕಬೇಕು, ಸಿಪ್ಪೆ ಮತ್ತು ಹುಲ್ಲು ನಿಧಾನವಾಗಿ ಮಣ್ಣಾಗುತ್ತವೆ.

ನದಿ ನೀರಿಲ್ಲದ, ಬೋರ್‌ವೆಲ್ ನಂಬಿರುವ, ಈಗ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಎಚ್.ಎನ್. ವ್ಯಾಲಿ ಯೋಜನೆಯಿಂದ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆ ನಮ್ಮದು. ಇಲ್ಲಿ ತೇವ ಉಳಿಸುವ ಯಾವ ವಸ್ತುವಾದರೂ ಬೆಲೆಯುಳ್ಳದ್ದೇ. ಆದರೆ ದುಡ್ಡು ಕೊಟ್ಟು ಚೀಲದಲ್ಲಿ ಹೊದಿಕೆ ಕೊಳ್ಳುವವರು ಹೆಚ್ಚಾಗಿ ರೈತರಲ್ಲ. ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನ ನರ್ಸರಿಗಳು, ತಾರಸಿ ತೋಟ ಮಾಡುವವರು, ಅಪಾರ್ಟ್‌ಮೆಂಟ್‌ಗಳಿಗೆ ಗಾರ್ಡನ್ ಮಾಡಿಕೊಡುವ ಗುತ್ತಿಗೆದಾರರು. ಹೊಲದ ಕಸಕ್ಕೂ ಈ ಗಿರಾಕಿಗೂ ನಡುವೆ ಇರುವ ಆ 60 ಕಿಲೋಮೀಟರೇ ಈ ವ್ಯಾಪಾರದ ಮುಖ್ಯ ಕಷ್ಟ.

ತೆಂಗಿನ ಪುಡಿ ಗೆದ್ದದ್ದು ಹೇಗೆ?

ಈ ಕಷ್ಟವನ್ನು ಗೆದ್ದ ಉದಾಹರಣೆ ದೂರದಲ್ಲೇನಿಲ್ಲ. ತುಮಕೂರು, ಹಾಸನ ಕಡೆಯ ತೆಂಗಿನ ನಾರಿನ ಘಟಕಗಳಲ್ಲೇ ಇದೆ. ತೆಂಗಿನ ಸಿಪ್ಪೆಯನ್ನು ಬಡಿದಾಗ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ನಾರು, ಉಳಿದದ್ದು ಕಂದು ಬಣ್ಣದ ಪುಡಿ. ಹಗ್ಗಕ್ಕೆ, ಹಾಸಿಗೆಗೆ ನಾರು ಬೇಕು, ಪುಡಿ ಬೇಡ. ಹಿಂದೆ ಅದು ಘಟಕಗಳ ಸುತ್ತ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಬೇಗ ಕೊಳೆಯುತ್ತಿರಲಿಲ್ಲ, ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆ.

ಅದೇ ಪುಡಿ ಇವತ್ತು ‘ಕೋಕೋಪೀಟ್’. 2019–20ರಲ್ಲಿ ಭಾರತದಿಂದ ಸುಮಾರು 2,758 ಕೋಟಿ ರೂಪಾಯಿಯ ತೆಂಗಿನ ನಾರಿನ ಉತ್ಪನ್ನಗಳು ರಫ್ತಾದವು. ಅದರಲ್ಲಿ ಸುಮಾರು 1,350 ಕೋಟಿ, ಅಂದರೆ ಹತ್ತಿರಹತ್ತಿರ ಅರ್ಧ, ಈ ಪುಡಿಯದೇ. ಕಸವಾಗಿದ್ದದ್ದು ಮುಖ್ಯ ಸರಕನ್ನೂ ಮೀರಿಸಿತು. ಅದಕ್ಕೆ ನಾಲ್ಕು ಕಾರಣ ಕಾಣುತ್ತದೆ.

ಒಂದು, ಪುಡಿ ಒಂದೇ ಕಡೆ ಸಿಗುತ್ತದೆ. ಸಿಪ್ಪೆಯನ್ನು ಹೇಗೂ ನಾರಿನ ಘಟಕಕ್ಕೆ ತರಲೇಬೇಕು, ಆ ಸಾಗಣೆಯ ಖರ್ಚು ನಾರಿನ ಲೆಕ್ಕದಲ್ಲಿ ಹೋಗುತ್ತದೆ.

ಎರಡು, ಅದನ್ನು ಒತ್ತಬಹುದು. ಯಂತ್ರದಲ್ಲಿ ಒತ್ತಿದರೆ ಸುಮಾರು ಐದರಲ್ಲಿ ಒಂದು ಪಾಲು ಗಾತ್ರಕ್ಕೆ ಇಳಿಯುತ್ತದೆ. ನರ್ಸರಿಯಲ್ಲಿ ಸಿಗುವ 5 ಕೆಜಿ ಇಟ್ಟಿಗೆ ಹಾಗೆ ಮಾಡಿದ್ದು. ನೀರು ಹಾಕಿದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಲಾರಿಯಲ್ಲಿ ಗಾಳಿ ಸಾಗಿಸಬೇಕಾಗಿಲ್ಲ.

ಮೂರು, ಗುಣಮಟ್ಟ. ಪುಡಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ತೊಳೆಯದೆ ಕೊಟ್ಟರೆ ಸಸಿ ಬಾಡುತ್ತದೆ. ತೊಳೆದು, ಪರೀಕ್ಷೆ ಮಾಡಿ ಕೊಟ್ಟವರಿಗೇ ಎರಡನೇ ಆರ್ಡರ್ ಬಂದದ್ದು. ಈ ಕೆಲಸದಲ್ಲಿ ಕಾಯರ್ ಬೋರ್ಡಿನ ಸಂಶೋಧನೆಯ ಪಾತ್ರ ದೊಡ್ಡದು. ಅದರ ಒಂದು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲೇ ಇದೆ. ಅಣಬೆ ಜಾತಿಯ ಶಿಲೀಂಧ್ರ ಬಳಸಿ ಈ ಪುಡಿಯನ್ನು ಸುಮಾರು ಒಂದು ತಿಂಗಳಲ್ಲಿ ಗೊಬ್ಬರವಾಗಿಸುವ ವಿಧಾನವನ್ನೂ ಬೋರ್ಡ್ ರೂಪಿಸಿದೆ.

ನಾಲ್ಕು, ಗಿರಾಕಿಗೆ ಅದರ ಅಗತ್ಯ ಇತ್ತು. ಯುರೋಪಿನ ನರ್ಸರಿಗಳು ಬಳಸುತ್ತಿದ್ದ ‘ಪೀಟ್’ ಜೌಗು ನೆಲದಲ್ಲಿ ಸಾವಿರಾರು ವರ್ಷ ಸೇರಿ ಆದದ್ದು. ಅದನ್ನು ಅಗೆದರೆ ಪರಿಸರಕ್ಕೆ ಹಾನಿ ಎಂಬ ಅರಿವು ಬಂದಾಗ ಬದಲಿ ವಸ್ತು ಬೇಕಾಯಿತು.

ಕೋಕೋಪೀಟ್ ಹೆಚ್ಚಾಗಿ ಗಿಡ ಬೆಳೆಸುವ ಮಣ್ಣಿನ ಬದಲಿ, ಮೇಲೆ ಹಾಸುವ ಹೊದಿಕೆಗೆ ಸಿಪ್ಪೆಯ ಚೂರುಗಳು ಹೋಗುತ್ತವೆ. ಎರಡಕ್ಕೂ ಪಾಠ ಒಂದೇ: ಒಂದೇ ಕಡೆ ಸಿಗಬೇಕು, ಗಾತ್ರ ತಗ್ಗಬೇಕು, ಗುಣ ಪರೀಕ್ಷೆಯಾಗಬೇಕು, ಕೊಳ್ಳುವವನಿಗೆ ಬೇಕಾಗಿರಬೇಕು.

ನಮ್ಮ ಹೊಲಗಳ ಕಸ ಯಾರದು?

ಈಗ ನಮ್ಮ ಕಡೆಯ ತ್ಯಾಜ್ಯಗಳನ್ನು ಒಂದೊಂದಾಗಿ ಈ ನಾಲ್ಕು ಪ್ರಶ್ನೆಗೆ ಒಡ್ಡೋಣ.

ರಾಗಿ ಹುಲ್ಲು: ಇದು ಕಸವೇ ಅಲ್ಲ. ಹಸು ಇರುವ ಪ್ರತಿ ಮನೆಯ ಹಿತ್ತಲಲ್ಲಿ ಇದರ ಬಣವೆ ಇದೆ. ಮೇವಿನ ಹುಲ್ಲನ್ನು ತಂದು ಕುಂಡಕ್ಕೆ ಹಾಸಿದರೆ ಬೇಸಿಗೆಯಲ್ಲಿ ಹುಲ್ಲಿನ ಬೆಲೆ ಏರಿ ಹೈನುಗಾರಿಕೆ ನಂಬಿದವರಿಗೆ ಹೊಡೆತ. ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದ ‘ಅವಕಾಶ ವೆಚ್ಚ’ ಇದೇ. ಒಂದು ವಸ್ತುವನ್ನು ಒಂದು ಕೆಲಸಕ್ಕೆ ಬಳಸಿದಾಗ ಬಿಟ್ಟುಕೊಟ್ಟ ಇನ್ನೊಂದು ಕೆಲಸದ ಬೆಲೆ.

ಹಿಪ್ಪುನೇರಳೆ ಕಡ್ಡಿ: ಶಿಡ್ಲಘಟ್ಟ, ಚಿಂತಾಮಣಿ ಕಡೆ ವರ್ಷಕ್ಕೆ ಸುಮಾರು 5 ಬೆಳೆ. ಹುಳು ಸೊಪ್ಪು ತಿಂದ ಮೇಲೆ ಕಡ್ಡಿ ಉಳಿಯುತ್ತದೆ. ಅದನ್ನು ಚೂರು ಮಾಡಿದರೆ ಒಳ್ಳೆಯ ಹೊದಿಕೆ. ಆದರೆ ಹಸಿಯಾಗಿ ಹಾಕಬಾರದು. ಹಿಪ್ಪುನೇರಳೆಯನ್ನು ಕಡ್ಡಿ ನೆಟ್ಟೇ ಬೆಳೆಸುವುದು, ಹಾಗಾಗಿ ತೇವ ಸಿಕ್ಕಿದರೆ ಕುಂಡದಲ್ಲೇ ಚಿಗುರಬಹುದು. ಇನ್ನೊಂದು ಮಾತು, ಈ ಕಡ್ಡಿ ಎಷ್ಟೋ ಮನೆಗಳ ಒಲೆಗೆ ಸೌದೆ. ಸ್ವಂತ ಹೊಲ ಇಲ್ಲದ ಹೆಂಗಸರು ಹೊರೆ ಕಟ್ಟಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ರೇಟ್ ಕಟ್ಟಿದ ದಿನ ಆ ಹೊರೆ ಅವರಿಗೆ ಸಿಗುವುದಿಲ್ಲ.

ಟೊಮೆಟೊ ಬಳ್ಳಿ: ಯಾರಿಗೂ ಬೇಡ, ಬೇಕಾದಷ್ಟು ಸಿಗುತ್ತದೆ. ಆದರೆ ರೋಗ, ಕೀಟ, ಸಿಂಪಡಿಸಿದ ಔಷಧಿ ಮೂರನ್ನೂ ಹೊತ್ತು ತರಬಹುದು. ಸರಿಯಾಗಿ ಕೊಳೆಸದೆ ಇನ್ನೊಬ್ಬರ ತೋಟಕ್ಕೆ ಮಾರುವುದು ಸರಿಯಲ್ಲ.

ಮುಸುಕಿನ ಜೋಳದ ದಿಂಡು: ಗೌರಿಬಿದನೂರು ಕಡೆ ಕಾಳು ಬಿಡಿಸಿದ ಮೇಲೆ ಉಳಿಯುತ್ತದೆ. ಗಟ್ಟಿ, ಒಡೆಯಲು ಹೆಚ್ಚು ಶಕ್ತಿ ಬೇಕು. ಚೂರು ಮಾಡಿದರೆ ನೋಡಲು ಚೆಂದ, ಬೇಗ ಕೊಳೆಯದು.

ಕಡಲೆಕಾಯಿ ಸಿಪ್ಪೆ: ನೂರು ಕೆಜಿ ಕಾಯಿ ಸುಲಿದರೆ 25ರಿಂದ 30 ಕೆಜಿ ಸಿಪ್ಪೆ. ಸುಲಿಯುವ ಮಿಲ್‌ನಲ್ಲಿ ಒಂದೇ ಕಡೆ, ಒಣಗಿದ ಸ್ಥಿತಿಯಲ್ಲೇ ಸಿಗುತ್ತದೆ. ತೆಂಗಿನ ಪುಡಿಗೆ ಹತ್ತಿರದ ಗುಣ ಇದಕ್ಕೇ ಇರುವುದು. ಆದರೆ ಇದೂ ಬಿಟ್ಟಿ ಅಲ್ಲ. ಒಲೆ, ಬಾಯ್ಲರ್‌ಗೆ ಉರುವಲಾಗಿ ಇದಕ್ಕೆ ಆಗಲೇ ಗಿರಾಕಿ ಇದ್ದಾರೆ.

ಮಾಮು ಕೇಳಿದ ಲೆಕ್ಕ

ಈ ಕೊನೆಯ ಸಂಗತಿ ನನಗೆ ಗೊತ್ತಾದದ್ದು ನಮ್ಮ ಮಾಮುವಿನಿಂದ. ಅವರದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಗೂಡು ಬೇಯಿಸುವ ಒಲೆಗೆ ಸೌದೆಯ ಜೊತೆ ಈ ಸಿಪ್ಪೆಯನ್ನೂ ಹಾಕುತ್ತಾರೆ. ಗೂಡಿನ ರೇಟ್ ಏರಿ ನೂಲಿನ ರೇಟ್ ಇಳಿದ ತಿಂಗಳಲ್ಲಿ ಅವರ ಒಲೆ ಆರುತ್ತದೆ. ಹೀಗೆ ಕೆಲಸ ನಿಂತಿದ್ದಾಗ, ಖಾಲಿ ಶೆಡ್‌ನಲ್ಲಿ ಸಿಪ್ಪೆ ಪುಡಿ ಮಾಡಿ ಬೆಂಗಳೂರಿಗೆ ಕಳುಹಿಸಿದರೆ ಹೇಗೆ, ಮಾಮಿಯ ಬಳೆ ಅಡವಿಟ್ಟು ಮಷಿನ್ ತರಬಹುದು, ನೀನು ಕಾಮರ್ಸ್ ಓದುತ್ತಿದ್ದೀಯಲ್ಲ ಬೇಟಾ, ಲೆಕ್ಕ ಹಾಕಿ ಹೇಳು ಎಂದರು. ಬಳೆಯ ಮಾತು ಬಂದ ಮೇಲೆ ಲೆಕ್ಕ ಪರೀಕ್ಷೆಯ ಲೆಕ್ಕದಂತೆ ಇರಲಿಲ್ಲ. ನಾನು ಹಾಕಿದ್ದು ಹೀಗೆ. ಬೆಲೆಗಳೆಲ್ಲ ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಊರಿನ ಬೆಲೆ ಹಾಕಿ ನೀವೂ ಮಾಡಬಹುದು.

ಮೊದಲು ಸಾಗಣೆ. ಸಣ್ಣ ಗೂಡ್ಸ್ ಟೆಂಪೋ 750 ಕೆಜಿ ಹೊರುತ್ತದೆ ಎಂದುಕೊಳ್ಳೋಣ. ತುಂಬುವ ಜಾಗ 2.1 ಮೀಟರ್ ಉದ್ದ, 1.4 ಮೀಟರ್ ಅಗಲ, 1.2 ಮೀಟರ್ ಎತ್ತರ, ಅಂದರೆ ಸುಮಾರು 3.5 ಘನ ಮೀಟರ್. ಸಡಿಲವಾಗಿ ತುಂಬಿದ ಸಿಪ್ಪೆ ಒಂದು ಘನ ಮೀಟರ್‌ಗೆ ಸುಮಾರು 100 ಕೆಜಿ ಮಾತ್ರ ತೂಗುತ್ತದೆ. ಹಾಗಾಗಿ ಟೆಂಪೋ ತುಂಬಿದಾಗ ಅದರಲ್ಲಿರುವುದು 350 ಕೆಜಿ. ಬಾಡಿಗೆ 3,000 ರೂಪಾಯಿ ಆದರೆ ಕೆಜಿಗೆ 8 ರೂಪಾಯಿ 57 ಪೈಸೆ. ಪುಡಿ ಮಾಡಿ ಒತ್ತಿ ತುಂಬಿ 750 ಕೆಜಿ ಹಿಡಿಸಿದರೆ ಕೆಜಿಗೆ 4 ರೂಪಾಯಿ. ಪುಡಿ ಮಾಡಲು ಒಂದೂವರೆ ರೂಪಾಯಿ ಖರ್ಚಾದರೂ ಕೆಜಿಗೆ 3 ರೂಪಾಯಿ ಉಳಿತಾಯ. ಮಷಿನ್ ಬೇಕಾದದ್ದು ಸಿಪ್ಪೆ ಚೆಂದ ಕಾಣಲಿ ಎಂದಲ್ಲ, ಬಾಡಿಗೆ ಉಳಿಯಲಿ ಎಂದು.

ಈಗ ಒಂದು ಕೆಜಿಯ ಬದಲಾಗುವ ವೆಚ್ಚ:

ಸಿಪ್ಪೆ – 4 ರೂ.
ಪುಡಿ ಮಾಡುವ ಖರ್ಚು – 1.50 ರೂ.
ಚೀಲ – 2 ರೂ.
ಸಾಗಣೆ – 4 ರೂ.
ನಷ್ಟವಾಗುವ ಧೂಳು, ಹರಿದ ಚೀಲ – 0.50 ರೂ.
ಒಟ್ಟು – 12 ರೂ.

ನರ್ಸರಿಗೆ 16 ರೂಪಾಯಿಗೆ ಕೊಟ್ಟರೆ ಕೆಜಿಗೆ 4 ರೂಪಾಯಿ ಉಳಿಯುತ್ತದೆ. ತಿಂಗಳ ಸ್ಥಿರ ವೆಚ್ಚ: ಶೆಡ್ 8,000, ಮಷಿನ್ ಸಾಲದ ಕಂತು 6,000, ಒಬ್ಬರ ಸಂಬಳ 14,000, ಒಟ್ಟು 28,000. ಶೆಡ್ ಸ್ವಂತದ್ದಾದರೂ ಅದರ ಬಾಡಿಗೆಯನ್ನು ಬರೆಯಲೇಬೇಕು, ಏಕೆಂದರೆ ಬೇರೆಯವರಿಗೆ ಕೊಟ್ಟಿದ್ದರೆ ಅಷ್ಟು ಬರುತ್ತಿತ್ತು. 28,000ವನ್ನು 4ರಿಂದ ಭಾಗಿಸಿದರೆ 7,000 ಕೆಜಿ. ಅಂದರೆ ತಿಂಗಳಿಗೆ 7 ಟನ್, ಸುಮಾರು 10 ಟ್ರಿಪ್ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭ ಶುರುವಾಗುವುದು ಅದರ ಮೇಲೆ.

ವರ್ಷಕ್ಕೆ 84 ಟನ್ ಸಿಪ್ಪೆ ಬೇಕು. ಕಾಯಿಯ ತೂಕದಲ್ಲಿ ಶೇಕಡಾ 28 ಸಿಪ್ಪೆ ಎಂದರೆ 300 ಟನ್ ಕಡಲೆಕಾಯಿ. ಎಕರೆಗೆ 4 ಕ್ವಿಂಟಾಲ್ ಇಳುವರಿ ಇಟ್ಟುಕೊಂಡರೆ 750 ಎಕರೆಯ ಬೆಳೆ. ಒಬ್ಬಿಬ್ಬರು ರೈತರ ಮನೆಗೆ ಹೋಗಿ ಕೇಳಿ ಮಾಡುವ ಕೆಲಸ ಇದಲ್ಲ. ಮಿಲ್‌ನವರ ಜೊತೆ ಮಾತುಕತೆ ಆಗಬೇಕು, ಮಳೆ ಕೈಕೊಟ್ಟ ವರ್ಷ ಏನು ಮಾಡುವುದೆಂದು ಯೋಚಿಸಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಉರುವಲಿಗೆ ಬೇಡಿಕೆ ಬಂದು ಸಿಪ್ಪೆಯ ಬೆಲೆ 4ರಿಂದ 6 ರೂಪಾಯಿಗೆ ಏರಿತು ಎನ್ನಿ. ಎರಡೇ ರೂಪಾಯಿ. ಆದರೆ ಕೆಜಿಗೆ ಉಳಿಯುವುದು 4ರಿಂದ 2ಕ್ಕೆ ಇಳಿಯುತ್ತದೆ, ಲಾಭ–ನಷ್ಟ ಇಲ್ಲದ ಮಟ್ಟ 7 ಟನ್‌ನಿಂದ 14 ಟನ್‌ಗೆ ಹಾರುತ್ತದೆ. ‘ಕಸ ತಾನೇ, ಬಿಟ್ಟಿ ಸಿಗುತ್ತದೆ’ ಎಂದು ಶುರು ಮಾಡಿದವರಿಗೆ ಕಷ್ಟ ಬರುವುದು ಇಲ್ಲೇ. ನಾವು ಕೊಳ್ಳಲು ಶುರು ಮಾಡಿದ ದಿನವೇ ಅದು ಕಸವಾಗಿ ಉಳಿಯುವುದಿಲ್ಲ, ಸರಕಾಗುತ್ತದೆ.

ಗಿರಾಕಿಗೆ ಹೇಳಬೇಕಾದದ್ದು

ತಾರಸಿ ತೋಟದವರಿಗೆ ಕೆಜಿ ಲೆಕ್ಕ ಅರ್ಥವಾಗುವುದಿಲ್ಲ, ಜಾಗದ ಲೆಕ್ಕ ಬೇಕು. ಪುಡಿ ಮಾಡಿದ ಸಿಪ್ಪೆಯನ್ನು ಒಂದು ಅಂಗುಲ ದಪ್ಪ ಹರಡಿದರೆ ಒಂದು ಚದರ ಮೀಟರ್‌ಗೆ ಸುಮಾರು 5 ಕೆಜಿ ಬೇಕು. ಹಾಗಾಗಿ ಚೀಲದ ಮೇಲೆ ‘10 ಕೆಜಿ, ಸುಮಾರು 2 ಚದರ ಮೀಟರ್‌ಗೆ’ ಎಂದು ಬರೆದರೆ ಅವರಿಗೆ ಅನುಕೂಲ. ಜೊತೆಗೆ ಬಳಸುವ ಕ್ರಮವನ್ನೂ ಹೇಳಬೇಕು. ಕಾಂಡಕ್ಕೆ ತಾಗಿಸದೆ ಎರಡು ಬೆರಳು ಜಾಗ ಬಿಡಬೇಕು. ಮಣ್ಣಿನೊಳಗೆ ಬೆರೆಸಬಾರದು, ಬೆರೆಸಿದರೆ ಸಿಪ್ಪೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಎಳೆದುಕೊಳ್ಳುತ್ತವೆ. ಗೆದ್ದಲು ಇರುವ ನೆಲದಲ್ಲಿ ಎಚ್ಚರ ಬೇಕು.

ಕಾನೂನೂ ಇದೆ. ಅಂಗಡಿಯಲ್ಲಿ ಮಾರುವ ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು–ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕು. ಹೊದಿಕೆಯನ್ನು ಹೊದಿಕೆ ಎಂದೇ ಮಾರಬೇಕು. ‘ಸಾವಯವ ಗೊಬ್ಬರ’ ಎಂದು ಮುದ್ರಿಸಿದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡಗಳ ವಿಷಯ ಬರುತ್ತದೆ.

ಬಂಡವಾಳ

ಚಿನ್ನ ಅಡವಿಡುವುದೊಂದೇ ದಾರಿಯಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ 18 ವರ್ಷ ದಾಟಿದವರು ಹೊಸ ಘಟಕಕ್ಕೆ ಅರ್ಜಿ ಹಾಕಬಹುದು. ಗ್ರಾಮೀಣ ಪ್ರದೇಶದಲ್ಲಿ ಮಹಿಳೆಯರು, ಅಲ್ಪಸಂಖ್ಯಾತರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡಾ 35 ಸಹಾಯಧನ, ಸ್ವಂತ ಪಾಲು ಶೇಕಡಾ 5. ಆರು ಲಕ್ಷದ ಘಟಕಕ್ಕೆ ಸ್ವಂತದ್ದು 30,000, ಸಹಾಯಧನ 2,10,000. ಆದರೆ ಸಹಾಯಧನ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಠೇವಣಿಯಾಗಿದ್ದು 3 ವರ್ಷದ ನಂತರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅಲ್ಲಿಯವರೆಗೆ ಘಟಕ ನಡೆಯುತ್ತಿರಬೇಕು.

ಬ್ಯಾಂಕ್ ಸಾಲ ಬೇಡ ಎನ್ನುವವರು ಪಾಲುದಾರಿಕೆ ಮಾಡಬಹುದು. ಮಿಲ್‌ನವರು ಸಿಪ್ಪೆ ಹಾಕಲಿ, ಇನ್ನೊಬ್ಬರು ಶೆಡ್ ಮತ್ತು ದುಡಿಮೆ ಹಾಕಲಿ. ಆದರೆ ಬಾಯಿಮಾತು ಸಾಲದು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಲಾಭ–ನಷ್ಟ ಸಮಪಾಲು, ದುಡಿದ ಪಾಲುದಾರನಿಗೆ ಪ್ರತ್ಯೇಕ ಸಂಬಳ ಇಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ನಿಯಮ ನೆಂಟರ ನಡುವೆ ಎಷ್ಟು ಜಗಳ ತಪ್ಪಿಸಬಹುದು ಎಂದು ನನಗೆ ಈಗ ಅರ್ಥವಾಗುತ್ತಿದೆ.

ಮೊದಲ ಹೆಜ್ಜೆ

ಮಾಮುವಿಗೆ ನಾನು ಕೊಟ್ಟ ಉತ್ತರ ‘ಮಾಡಿ’ ಎಂದೂ ಅಲ್ಲ, ‘ಬೇಡ’ ಎಂದೂ ಅಲ್ಲ. ಮಷಿನ್ ಈಗಲೇ ಕೊಳ್ಳಬೇಡಿ. ಹಿಟ್ಟಿನ ಗಿರಣಿಯಂತೆ ಬಾಡಿಗೆಗೆ ಪುಡಿ ಮಾಡಿಕೊಡುವವರಿದ್ದರೆ ಒಂದು ಟೆಂಪೋ ಲೋಡ್ ಮಾಡಿಸಿ, ಅಂದರೆ 75 ಚೀಲ. ಮೂರು ನರ್ಸರಿಗಳಿಗೆ ಹಂಚಿ, ದುಡ್ಡು ತೆಗೆದುಕೊಂಡೇ ಕೊಡಿ. ಪುಕ್ಕಟೆ ಕೊಟ್ಟರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಅದೇ ನರ್ಸರಿ ಎರಡನೇ ಸಲ ತಾನಾಗಿ ಫೋನ್ ಮಾಡುತ್ತದೆಯೇ ನೋಡಿ. ಅಷ್ಟರಲ್ಲಿ ಮಿಲ್‌ನವರಿಂದ ಒಂದು ವರ್ಷಕ್ಕೆ ಒಂದೇ ದರದ ಕರಾರು ಬರೆಸಿಕೊಳ್ಳಲು ಆಗುತ್ತದೆಯೇ ಕೇಳಿ. ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ತೋರಿಸಿ ಸಲಹೆ ಪಡೆಯಿರಿ. ಎರಡನೇ ಆರ್ಡರ್ ಮತ್ತು ಕರಾರು, ಎರಡೂ ಕೈಯಲ್ಲಿದ್ದರೆ ಆಗ ಮಷಿನ್ ವಿಚಾರ.

ಇದರಲ್ಲಿ ಒಂದು ಟೆಂಪೋ ಲೋಡ್‌ನ ಬಂಡವಾಳ 9,000 ರೂಪಾಯಿ. ಪೂರ್ತಿ ಮುಳುಗಿದರೂ ಅಷ್ಟೇ ಮುಳುಗುವುದು. ಬಳೆ ಮಾಮಿಯ ಕೈಯಲ್ಲೇ ಇರುತ್ತದೆ. ನಮ್ಮ ಕಾಲೇಜಿನಲ್ಲಿ ರೇಷ್ಮೆ, ಹೂವು, ತರಕಾರಿ, ಹೈನುಗಾರಿಕೆ ಮಾಡುವ ಮನೆಗಳಿಂದ ಬರುವ ಸ್ನೇಹಿತರು ಬಹಳ ಜನ ಇದ್ದಾರೆ. ನಿಮ್ಮ ಮನೆಯ ಹಿಂದೆ ಬಿದ್ದಿರುವುದನ್ನು ಒಮ್ಮೆ ತೂಕ ಮಾಡಿ, ಈಗ ಅದನ್ನು ಯಾರು ಒಯ್ಯುತ್ತಾರೆ, ಏನು ಕೊಟ್ಟು ಒಯ್ಯುತ್ತಾರೆ ಎಂದು ಬರೆದಿಡಿ. ವ್ಯಾಪಾರ ಮಾಡದಿದ್ದರೂ ಪರವಾಗಿಲ್ಲ, ಅದರ ಬೆಲೆ ಗೊತ್ತಿದ್ದರೆ ಯಾರಾದರೂ ಬಂದು ‘ಈ ಕಸ ನಾನು ಒಯ್ಯಲೇ?’ ಎಂದು ಕೇಳಿದಾಗ ಏನು ಹೇಳಬೇಕೆಂದು ನಿಮಗೆ ತಿಳಿದಿರುತ್ತದೆ.